ಮನೆಯವಳ ಸ್ವಂತ ಹೆಸರು

ಮದುವೆಯಾಗಿ ಮಕ್ಕಳಾದ ಹೆಂಗಸನ್ನು ಹಳ್ಳಿಯಲ್ಲಿ ಹೆಸರು ಹಿಡಿದು ಕರೆಯುವವರು ಕಡಿಮೆ. ಬಂದ ಹೊಸದರಲ್ಲಿ ಅವಳು ಇಂಥವರ ಸೊಸೆ, ಆಮೇಲೆ ಇಂಥವನ ಹೆಂಡತಿ, ಹೆರಿಗೆಯಾದ ಮೇಲೆ ಮಾದೇವನ ಅವ್ವ, ಇಲ್ಲವೇ ಗೌರಿಯ ಅವ್ವ. ಗಂಡನ ಬಾಯಲ್ಲಿ ಬರುವುದು ‘ಏ ಇವಳೇ’. ಹುಟ್ಟಿದಾಗ ಇಟ್ಟ ಹೆಸರು ಬಳಕೆಯಲ್ಲಿ ಉಳಿಯುವುದು ತವರಿನಲ್ಲಿ, ಅದೂ ಅಪ್ಪ ಅವ್ವ ಇರುವವರೆಗೆ. ಈ ಕರೆಯುವಿಕೆಯಲ್ಲಿ ಪ್ರೀತಿ ಇಲ್ಲವೆಂದಲ್ಲ. ಆದರೆ ಇಪ್ಪತ್ತು ಮೂವತ್ತು ವರ್ಷ ಇನ್ನೊಬ್ಬರ ಮೂಲಕವೇ ಗುರುತಾದ ಮನುಷ್ಯಳಿಗೆ ತಾನು ಯಾರು, ತನಗೆ ಏನು ಬೇಕು, ತನ್ನ ದುಡಿಮೆಗೆ ಬೆಲೆ ಎಷ್ಟು ಎಂಬ ಪ್ರಶ್ನೆಗಳೇ ಮರೆತುಹೋಗುತ್ತವೆ. ಆ ಪ್ರಶ್ನೆಗಳು ಮತ್ತೆ ಏಳುವುದು ಹೇಗೆ, ಅವಕ್ಕೆ ಉತ್ತರ ಸಿಗುವುದು ಎಲ್ಲಿ ಎಂಬುದು ಇಲ್ಲಿನ ವಿಷಯ.

ಅದನ್ನು ನೋಡಲು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸೀಮೆ ತಕ್ಕ ಜಾಗ. ಗುಂಡ್ಲುಪೇಟೆಯಿಂದ ಕೇರಳದ ಸುಲ್ತಾನ್ ಬತ್ತೇರಿಯತ್ತ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಇಲ್ಲಿ ಬಂಡೀಪುರದ ಕಾಡನ್ನು ಹೊಗುತ್ತದೆ. 2009ರಿಂದ ಈ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ತಡೆ ಇದೆ. ಒಂದು ಕಡೆ ಆನೆ, ಹುಲಿ ಇರುವ ಕಾಡು. ಇನ್ನೊಂದು ಕಡೆ ಚೆಂಡು ಹೂ, ಸೂರ್ಯಕಾಂತಿ, ಅರಿಶಿನ, ಸಣ್ಣ ಈರುಳ್ಳಿ ಬೆಳೆಯುವ ಹೊಲ. ಹೂ ಕೀಳುವುದು, ಈರುಳ್ಳಿ ಕೊಯ್ಯುವುದು, ಕಳೆ ತೆಗೆಯುವುದು ಬಹುತೇಕ ಹೆಂಗಸರ ಕೆಲಸ. ಕಾಡಂಚಿನ ಹಾಡಿಗಳಿಂದ ವಯನಾಡಿನ ಕಾಫಿ, ಶುಂಠಿ ಕೂಲಿಗೆ ಹೋಗುವವರಲ್ಲೂ ಹೆಂಗಸರಿದ್ದಾರೆ. 2011ರ ಜನಗಣತಿಯಲ್ಲಿ ಚಾಮರಾಜನಗರ ಜಿಲ್ಲೆಯ ಗಂಡಸರಲ್ಲಿ ಅಕ್ಷರಸ್ಥರು ಶೇಕಡ 68ರ ಹತ್ತಿರವಿದ್ದರೆ ಹೆಂಗಸರಲ್ಲಿ ಶೇಕಡ 55ರಷ್ಟು. ಅಂದರೆ ಇಂದು ಅಜ್ಜಿಯರಾಗಿರುವ, ಅತ್ತೆಯರಾಗಿರುವ ಬಹಳ ಮಂದಿ ತಮ್ಮ ಹೆಸರನ್ನು ತಾವೇ ಬರೆಯಲು ಕಲಿಯದೆ ಸಂಸಾರ ನಡೆಸಿದವರು.

ಹೆಸರು ಅಳಿಸಿಹೋಗುವುದು ಹಳ್ಳಿಯ ಮಾತುಕತೆಗಷ್ಟೇ ಸೇರಿದ ಸಂಗತಿಯಲ್ಲ. ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆದದ್ದು 1951-52ರಲ್ಲಿ. ಮತದಾರರ ಪಟ್ಟಿ ಮಾಡಲು ಮನೆಮನೆಗೆ ಹೋದವರಿಗೆ ಲಕ್ಷಾಂತರ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಹೀಗೆ ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಲಾಗದೆಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ತೀರ್ಮಾನಿಸಿದರು. ದೇಶದ ಸುಮಾರು 8 ಕೋಟಿ ಮಹಿಳಾ ಮತದಾರರಲ್ಲಿ 28 ಲಕ್ಷದಷ್ಟು ಮಂದಿ ಈ ಕಾರಣಕ್ಕೆ ಹಕ್ಕು ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಬಿಹಾರ, ಉತ್ತರ ಪ್ರದೇಶ, ಮಧ್ಯಭಾರತ, ರಾಜಸ್ಥಾನದ ಕಡೆಯವರು. ಸಂಕೋಚದಿಂದಲೋ ಸಂಪ್ರದಾಯದಿಂದಲೋ ಹೆಸರು ಹೇಳದೆ ಉಳಿದದ್ದಕ್ಕೆ ಒಂದು ಓಟಿನ ಬೆಲೆ ತೆರಬೇಕಾಯಿತು. ಸೇನ್ ಅವರ ತೀರ್ಮಾನ ಆ ಕ್ಷಣಕ್ಕೆ ಕಠಿಣವೆನಿಸಿದರೂ ಸರಿಯಾದದ್ದು. ಮುಂದಿನ ಚುನಾವಣೆಗಳಲ್ಲಿ ಹೆಂಗಸರು ತಮ್ಮ ಹೆಸರಿನಲ್ಲೇ ಮತದಾರರಾಗುವುದು ರೂಢಿಗೆ ಬಂತು.

ಹೆಸರಿನ ಹಾಗೆ ಕೆಲಸವೂ ಕಣ್ಮರೆಯಾಗುತ್ತದೆ. ನಸುಕಿಗೆ ಎದ್ದು ಬಾಗಿಲು ಸಾರಿಸಿ, ನೀರು ತುಂಬಿ, ಕೊಟ್ಟಿಗೆ ಗುಡಿಸಿ, ಮುದ್ದೆ ತೊಳಸಿ, ಸೊಪ್ಪಿನ ಸಾರು ಕುದಿಸಿ, ಮಕ್ಕಳನ್ನು ಸ್ಕೂಲಿಗೆ ಕಳಿಸಿ ಹೊಲಕ್ಕೆ ಹೋದವಳು ಸಂಜೆ ಸೌದೆಯೋ ಮೇವೋ ಹೊತ್ತು ಬಂದು ಮತ್ತೆ ಒಲೆಯ ಮುಂದೆ ಕೂರುತ್ತಾಳೆ. ಆದರೂ ‘ಮನೇಲೇ ಇರ್ತಾಳೆ’ ಎಂಬುದೇ ಅವಳ ಉದ್ಯೋಗದ ವಿವರ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜನ ದಿನದ 24 ಗಂಟೆಯನ್ನು ಹೇಗೆ ಕಳೆಯುತ್ತಾರೆಂದು ಸಮೀಕ್ಷೆ ಮಾಡಿದೆ. ಕೂಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಅದರಲ್ಲಿ ತೊಡಗಿರುತ್ತಾರೆ ಎಂದು 2019ರ ಸಮೀಕ್ಷೆ ಹೇಳಿತು. 2024ರಲ್ಲಿ ಹೆಂಗಸರ ಪಾಲು 289 ನಿಮಿಷಕ್ಕೆ ಇಳಿದಿತ್ತು. ಐದು ವರ್ಷಕ್ಕೆ ಹತ್ತು ನಿಮಿಷದ ಬಿಡುವು. ಗಂಡಸರ ಪಾಲು ಏರಿರಬಹುದೆಂದು ನೋಡಿದರೆ ಅದೂ 88 ನಿಮಿಷಕ್ಕೆ ಇಳಿದಿತ್ತು.

ಈ ದುಡಿಮೆಗೆ ಬೆಲೆ ಕಟ್ಟುವ ಪ್ರಯತ್ನ ಮೊದಲು ಗಂಭೀರವಾಗಿ ನಡೆದದ್ದು ನ್ಯಾಯಾಲಯಗಳಲ್ಲಿ. 1989ರ ಮಾರ್ಚ್‌ನಲ್ಲಿ ಜಮ್‌ಶೇಡ್‌ಪುರದ ಒಂದು ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕ ಹೆಂಗಸರು, ಮಕ್ಕಳು ಸತ್ತರು. ಲತಾ ವಾಧ್ವಾ ಪ್ರಕರಣವೆಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಗೃಹಿಣಿಯ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಅಂದಾಜು ಮಾಡಿತು. 2010ರ ಅರುಣ್ ಕುಮಾರ್ ಅಗರ್ವಾಲ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಮನೆಗೆಲಸ ಮಾಡುವ ಕೋಟ್ಯಂತರ ಹೆಂಗಸರನ್ನು ಜನಗಣತಿಯು ಭಿಕ್ಷುಕರು, ಕೈದಿಗಳ ಜೊತೆಗೆ ದುಡಿಯದವರ ಸಾಲಿಗೆ ಸೇರಿಸಿದ್ದನ್ನು ಖಂಡಿಸಿತು. 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದ ತೀರ್ಪು ಇನ್ನೂ ಮುಂದೆ ಹೋಯಿತು. 2011ರ ಜನಗಣತಿಯಲ್ಲಿ ಮನೆಗೆಲಸವೇ ತಮ್ಮ ಮುಖ್ಯ ಕೆಲಸವೆಂದು ಹೇಳಿದ ಹೆಂಗಸರು ಸುಮಾರು 16 ಕೋಟಿ, ಗಂಡಸರು 58 ಲಕ್ಷದಷ್ಟು ಎಂಬುದನ್ನು ಎತ್ತಿ ತೋರಿಸಿ, ಗೃಹಿಣಿಗೆ ಆದಾಯವಿದೆಯೆಂದೇ ಭಾವಿಸಿ ಪರಿಹಾರ ಲೆಕ್ಕ ಹಾಕಬೇಕೆಂದಿತು. ಇವೆಲ್ಲ ಒಳ್ಳೆಯ ತೀರ್ಪುಗಳೇ. ಆದರೆ ಮೂರೂ ಹುಟ್ಟಿದ್ದು ಸಾವಿನ ಪರಿಹಾರದ ಮೊಕದ್ದಮೆಗಳಲ್ಲಿ. ಬೆಂಕಿಯಲ್ಲೋ ರಸ್ತೆಯಲ್ಲೋ ಹೆಂಗಸು ಸತ್ತ ಮೇಲೆ ಅವಳ ದುಡಿಮೆ ರೂಪಾಯಿಯಲ್ಲಿ ಲೆಕ್ಕಕ್ಕೆ ಬಂತು. ಬದುಕಿರುವವಳ ಪರವಾಗಿ ಬಂದ ಮಾತು 2023ರ ಜೂನ್‌ನದು. ಗಂಡ ಹೊರದೇಶದಲ್ಲಿ ದುಡಿಯುತ್ತಿದ್ದಾಗ ಊರಿನಲ್ಲಿ ಮನೆ, ಮಕ್ಕಳನ್ನು ನೋಡಿಕೊಂಡ ಹೆಂಡತಿಯೂ ಅವನ ಗಳಿಕೆಯಲ್ಲಿ ಪಾಲುದಾರಳೇ, ಆ ಹಣದಿಂದ ಕೊಂಡ ಆಸ್ತಿಯಲ್ಲಿ ಅವಳಿಗೆ ಸಮಪಾಲಿದೆ ಎಂದು ಮದ್ರಾಸ್ ಹೈಕೋರ್ಟ್ ಹೇಳಿತು.

ಇನ್ನು ಒಳಗಿನ ಮಾತು. ತಾಯ್ತನ ಹೆಣ್ಣಿಗೆ ಸಹಜವಾಗಿ ಬರುತ್ತದೆ, ಮಗುವಿನ ಮುಖ ನೋಡಿದರೆ ನೋವೆಲ್ಲ ಮರೆಯುತ್ತದೆ ಎಂಬ ನಂಬಿಕೆ ಗಟ್ಟಿಯಾಗಿದೆ. ಆದರೆ ಹುಡುಗಿಯೊಬ್ಬಳು ತಾಯಿಯಾಗುವುದೂ ಹರೆಯದಷ್ಟೇ ದೊಡ್ಡ ಬದಲಾವಣೆಯ ಕಾಲ. ದೇಹ, ಮನಸ್ಸು, ಮನೆಯಲ್ಲಿನ ಸ್ಥಾನ ಮೂರೂ ಒಟ್ಟಿಗೆ ಅಲುಗಾಡುತ್ತವೆ ಎಂದು 1973ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಡಾನಾ ರಫೆಲ್ ಗುರುತಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯಾದ ಐವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಮಾನಸಿಕ ತೊಂದರೆ ಕಾಣಿಸಿಕೊಳ್ಳುತ್ತದೆ, ಅದರಲ್ಲಿ ಮುಖ್ಯವಾದದ್ದು ಖಿನ್ನತೆ. ಕಾರಣವಿಲ್ಲದೆ ಅಳು, ನಿದ್ದೆಗೇಡು, ಮಗುವಿನ ಮೇಲೂ ಮನಸ್ಸು ನಿಲ್ಲದಿರುವುದು, ತಾನು ಯಾತಕ್ಕೂ ಬಾರದವಳು ಎನಿಸುವುದು ಇದರ ಲಕ್ಷಣಗಳು. ಇವನ್ನು ಗಾಳಿ ಸೋಕಿದ್ದು, ಸೋಂಬೇರಿತನ, ಸೊಕ್ಕು ಎಂದು ತಳ್ಳಿಹಾಕಿದ ಮನೆಗಳು ಎಷ್ಟೋ. ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರುಮಾಡಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಹಾಸನದ ಬಾನು ಮುಷ್ತಾಕ್ ಈ ಕತ್ತಲನ್ನು ದಾಟಿ ಬಂದವರು. ಇಷ್ಟಪಟ್ಟೇ ಮದುವೆಯಾದ ಅವರು 29ನೆಯ ವಯಸ್ಸಿನಲ್ಲಿ ತಾಯಿಯಾದರು. ಬುರ್ಖಾ ತೊಟ್ಟು ಮನೆಗೆಲಸದಲ್ಲೇ ಇರಬೇಕೆಂಬ ಒತ್ತಡದ ನಡುವೆ ಹೆರಿಗೆಯ ನಂತರದ ಖಿನ್ನತೆಗೆ ಸಿಕ್ಕಿ ಬದುಕೇ ಬೇಡವೆನಿಸಿದ ದಿನವೊಂದಿತ್ತು, ಗಂಡ ಮಗುವನ್ನು ಮುಂದಿಟ್ಟು ಬೇಡಿಕೊಂಡು ಉಳಿಸಿಕೊಂಡರು ಎಂದು ಅವರೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಆಮೇಲೆ ಅವರು ಪತ್ರಕರ್ತೆಯಾದರು, ವಕೀಲೆಯಾದರು, ಹಾಸನ ನಗರಸಭೆಗೆ ಆಯ್ಕೆಯಾದರು, ಮಸೀದಿ ಮತ್ತು ಅಡುಗೆಮನೆಗಳ ನಡುವೆ ಸಿಕ್ಕಿಕೊಂಡ ಹೆಂಗಸರ ಕತೆಗಳನ್ನು ಕನ್ನಡದಲ್ಲಿ ಬರೆದರು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕತೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಪ್ರಶಸ್ತಿ ದೊಡ್ಡದು. ಅದಕ್ಕಿಂತ ದೊಡ್ಡದು, ಆ ದಿನಗಳನ್ನು ಅವರು ಬಚ್ಚಿಡದೆ ಹೇಳಿದ್ದು. ಅದೇ ಸ್ಥಿತಿಯಲ್ಲಿರುವ ಎಷ್ಟೋ ಬಾಣಂತಿಯರಿಗೆ ಇದು ತನ್ನೊಬ್ಬಳ ಪಾಡಲ್ಲ ಎಂದು ಅದರಿಂದ ತಿಳಿಯುತ್ತದೆ.

ಮನೆತುಂಬ ಎಲ್ಲ ಇದ್ದೂ ಹೆಂಗಸಿಗೆ ಏನೋ ಕಳೆದುಕೊಂಡ ಹಾಗೆನಿಸುವುದೇಕೆ ಎಂಬ ಪ್ರಶ್ನೆ ಬಡವರದಷ್ಟೇ ಅಲ್ಲ, ಭಾರತದ್ದಷ್ಟೇ ಅಲ್ಲ. 1963ರಲ್ಲಿ ಅಮೆರಿಕದ ಬೆಟ್ಟಿ ಫ್ರೀಡನ್ ‘ದಿ ಫೆಮಿನೈನ್ ಮಿಸ್ಟಿಕ್’ ಪುಸ್ತಕದಲ್ಲಿ, ಓದಿ ಪದವಿ ಪಡೆದೂ ಗಂಡ ಮಕ್ಕಳ ಸೇವೆಯಲ್ಲೇ ಬತ್ತಿಹೋಗುತ್ತಿದ್ದ ಮಧ್ಯಮವರ್ಗದ ಗೃಹಿಣಿಯರ ಬಗ್ಗೆ ಬರೆದು ಆ ದೇಶದಲ್ಲಿ ದೊಡ್ಡ ಚರ್ಚೆ ಎಬ್ಬಿಸಿದರು. ಅದೇ 1963ರಲ್ಲಿ ಕನ್ನಡದಲ್ಲಿ ‘ತುಂಗಭದ್ರಾ’ ಎಂಬ ಕಾದಂಬರಿ ಬಂತು. ಬರೆದ ಎಂ.ಕೆ. ಇಂದಿರಾ ಅವರಿಗೆ ಆಗ 46 ವರ್ಷ. 1917ರಲ್ಲಿ ಹುಟ್ಟಿ, ಏಳು ವರ್ಷ ಸ್ಕೂಲಿಗೆ ಹೋಗಿ, ಹನ್ನೆರಡಕ್ಕೇ ಮದುವೆಯಾಗಿ, ಸಂಸಾರ ನಡೆಸುತ್ತಿದ್ದ ಹೆಂಗಸು ನಡುವಯಸ್ಸಿನಲ್ಲಿ ಲೇಖನಿ ಹಿಡಿದರು. ಮುಂದೆ ಐವತ್ತರ ಹತ್ತಿರ ಕಾದಂಬರಿಗಳನ್ನು ಬರೆದರು. ‘ಗೆಜ್ಜೆಪೂಜೆ’ ಸಿನಿಮಾ ಆಯಿತು. ಬಾಲ್ಯದಲ್ಲೇ ಗಂಡ ಸತ್ತು ತಲೆಬೋಳಿಸಿಕೊಂಡ ಹೆಂಗಸಿನ ಬದುಕನ್ನು ಹೇಳುವ ‘ಫಣಿಯಮ್ಮ’ 1976ರಲ್ಲಿ ಬಂತು, ಅದನ್ನು ಪ್ರೇಮಾ ಕಾರಂತರು ತೆರೆಗೆ ತಂದರು. ಇಂದಿರಾ ಅವರ ಉದಾಹರಣೆಯಲ್ಲಿ ಗಮನಿಸಬೇಕಾದದ್ದು ವಯಸ್ಸು ಮಾತ್ರವಲ್ಲ. ಹೊಸದೇನನ್ನೋ ಕಲಿಯಲು ಅವರು ಹೊರಗೆ ಹೋಗಲಿಲ್ಲ. ಮಲೆನಾಡಿನ ಮನೆಗಳ ಅಡುಗೆಮನೆ, ಹಿತ್ತಿಲು, ಬಾಣಂತಿ ಕೋಣೆಗಳಲ್ಲಿ ಕೇಳಿದ್ದೇ, ಕಂಡದ್ದೇ ಅವರ ಬಂಡವಾಳವಾಯಿತು. ಸಂಸಾರದಲ್ಲಿ ಕಳೆದುಹೋಯಿತೆಂದುಕೊಂಡ ವರ್ಷಗಳೇ ಕೃತಿಗಳಾಗಿ ಹೊರಬಂದವು.

ಚಾಮರಾಜನಗರ ಸೀಮೆಗೆ ಹತ್ತಿರದ ಇನ್ನೊಂದು ಹೆಸರು ಪಾರ್ವತಮ್ಮ ರಾಜ್‌ಕುಮಾರ್. 1939ರಲ್ಲಿ ಸಾಲಿಗ್ರಾಮದಲ್ಲಿ ಹುಟ್ಟಿ, 1953ರಲ್ಲಿ ಇನ್ನೂ ಹುಡುಗಿಯಾಗಿದ್ದಾಗಲೇ ಗಾಜನೂರಿನ ಮನೆತನಕ್ಕೆ ಸೊಸೆಯಾಗಿ ಬಂದವರು. ಐದು ಮಕ್ಕಳನ್ನು, ದೊಡ್ಡ ಕೂಡುಕುಟುಂಬವನ್ನು ನೋಡಿಕೊಂಡ ಅವರು 1975ರಲ್ಲಿ ವಜ್ರೇಶ್ವರಿ ಸಂಸ್ಥೆ ಕಟ್ಟಿ ‘ತ್ರಿಮೂರ್ತಿ’ಯಿಂದ ಮೊದಲುಗೊಂಡು ಸುಮಾರು 80 ಚಿತ್ರಗಳನ್ನು ನಿರ್ಮಿಸಿದರು. ಗಂಡ, ನಟ ರಾಜ್‌ಕುಮಾರ್ ಅವರ ನೆರಳಿನಲ್ಲಿ ಇದ್ದರು ಎಂದು ಅವರ ಬಗ್ಗೆ ಹೇಳುವುದು ಸುಲಭ. ಕತೆಯ ಆಯ್ಕೆ, ಹಣದ ಲೆಕ್ಕ, ಹಂಚಿಕೆಯಂಥ ಗಟ್ಟಿ ಕೆಲಸಗಳನ್ನು ಕೈಗೆತ್ತಿಕೊಂಡು ಕನ್ನಡ ಚಿತ್ರೋದ್ಯಮದಲ್ಲಿ ನಿರ್ಮಾಪಕಿಯಾಗಿ ನಿಂತವರೆಂದು ಹೇಳುವುದೇ ನ್ಯಾಯ.

ಈ ನೆಲಕ್ಕೆ ಹೆಣ್ಣಿನ ಸ್ವಂತಿಕೆಯ ಮಾತು ಹೊಸದೂ ಅಲ್ಲ. ಕಂಸಾಳೆಯವರು, ದೇವರಗುಡ್ಡರು ರಾತ್ರಿಯಿಡೀ ಹಾಡುವ ಮಲೆಯ ಮಹದೇಶ್ವರ ಕಾವ್ಯದಲ್ಲಿ ಸಂಕಮ್ಮನ ಸಾಲು ಒಂದು ಮುಖ್ಯ ಭಾಗ. ಸೋಲಿಗರ ನೀಲೇಗೌಡನ ಹೆಂಡತಿ ಸಂಕಮ್ಮ. ಗಂಡ ಕಾಡಿಗೆ ಹೊರಡುವ ಮುನ್ನ, ತಾನಿಲ್ಲದಾಗ ಪತಿವ್ರತೆಯಾಗಿಯೇ ಇರುತ್ತೇನೆಂದು ಕೈಮೇಲೆ ಕೈಯಿಟ್ಟು ಭಾಷೆ ಕೊಡು ಎಂದು ಕೇಳುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಹಿಂಸೆ ಮಾಡಿದರೂ ಕೊಡುವುದಿಲ್ಲ. ತಪ್ಪು ಮಾಡದವಳು ತಾನೇಕೆ ಆಣೆ ಇಡಬೇಕೆಂಬುದು ಅವಳ ಹಠ. ಕಾವ್ಯ ಅವಳ ಪರವಾಗಿ ನಿಲ್ಲುತ್ತದೆ. ಜನ ಮಾದಪ್ಪ ಎನ್ನುವ ಮಹದೇಶ್ವರ ಅವಳ ಮೊರೆ ಕೇಳಿ ಬರುತ್ತಾನೆ, ಮಕ್ಕಳಿಲ್ಲದ ಅವಳಿಗೆ ಕಾರಯ್ಯ ಬಿಲ್ಲಯ್ಯ ಎಂಬ ಮಕ್ಕಳನ್ನು ಕರುಣಿಸುತ್ತಾನೆ. ಗಂಡನ ಅನುಮಾನಕ್ಕೆ ತಲೆಬಾಗದ ಬಡ ಸೋಲಗಿತ್ತಿಯನ್ನು ದೇವರ ಕತೆಯ ನಡುವೆ ಕೂರಿಸಿದ ಜನಪದ ಇಲ್ಲಿನದು. ಅವಳಿಗೆ ಸಿಕ್ಕ ವರವೂ ಮಕ್ಕಳೇ ಎಂಬುದು ಆ ಕಾಲದ ಮಿತಿ. ಆದರೆ ವರ ಬಂದದ್ದು ಅವಳು ಬಾಗಿದ್ದಕ್ಕಲ್ಲ, ಬಾಗದೆ ನಿಂತದ್ದಕ್ಕೆ.

ಸಾರ್ವಜನಿಕ ಬದುಕಿನಲ್ಲೂ ಗುಂಡ್ಲುಪೇಟೆಗೆ ಹೆಮ್ಮೆಪಡುವ ಇತಿಹಾಸವಿದೆ. ಕೆ.ಎಸ್. ನಾಗರತ್ನಮ್ಮ 1957ರಲ್ಲಿ ಇಲ್ಲಿಂದ ಮೊದಲ ಸಲ ವಿಧಾನಸಭೆಗೆ ಹೋದರು, ಒಟ್ಟು ಏಳು ಸಲ ಈ ಕ್ಷೇತ್ರದಿಂದ ಗೆದ್ದರು. 1972ರಿಂದ 1978ರವರೆಗೆ ಅವರು ವಿಧಾನಸಭೆಯ ಸಭಾಧ್ಯಕ್ಷೆ. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. ಹೆಂಗಸರು ಅಂಚೆಯವನ ಮುಂದೆ ಬರಲೂ ಸಂಕೋಚಪಡುತ್ತಿದ್ದ ಕಾಲದಲ್ಲಿ ಈ ತಾಲ್ಲೂಕಿನ ಜನ ಹೆಣ್ಣೊಬ್ಬಳ ಹೆಸರಿನ ಮುಂದೆ ಮತ್ತೆ ಮತ್ತೆ ಮುದ್ರೆ ಒತ್ತಿದರು. ಇದೇ ಕ್ಷೇತ್ರದಲ್ಲಿ 2017ರ ಜನವರಿಯಲ್ಲಿ ಸಚಿವರಾಗಿದ್ದ ಎಚ್.ಎಸ್. ಮಹದೇವಪ್ರಸಾದ್ ತೀರಿಕೊಂಡಾಗ ಅವರ ಪತ್ನಿ ಎಂ.ಸಿ. ಮೋಹನಕುಮಾರಿ ಏಪ್ರಿಲ್‌ನ ಉಪಚುನಾವಣೆಗೆ ನಿಂತು ಗೆದ್ದರು, ಅದೇ ವರ್ಷ ಸಚಿವೆಯೂ ಆದರು. ಜನ ಅವರನ್ನು ಗುರುತಿಸುವುದು ಗೀತಾ ಮಹದೇವಪ್ರಸಾದ್ ಎಂದು. ಗಂಡನ ಸಾವಿನ ನಂತರ ಕಣಕ್ಕಿಳಿಯುವ ಹೆಂಗಸಿಗೆ ಅನುಕಂಪದ ಓಟು ಬಿತ್ತು ಎನ್ನುವವರು ಸದಾ ಇರುತ್ತಾರೆ. ದುಃಖದ ಮೂರು ತಿಂಗಳೊಳಗೆ ಊರೂರು ತಿರುಗಿ ಮತ ಕೇಳುವುದಕ್ಕೆ ಬೇಕಾದ ಗಟ್ಟಿತನವನ್ನು ಅವರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಶಾಸಕಿಯರಾಗುವವರು ಎಷ್ಟು ಮಂದಿ? ಸಾಮಾನ್ಯ ಹೆಂಗಸಿಗೆ ಬಾಗಿಲು ತೆರೆದದ್ದು ಪಂಚಾಯಿತಿ. ಕರ್ನಾಟಕ 1983ರ ಕಾನೂನಿನಲ್ಲೇ ಮಹಿಳೆಯರಿಗೆ ಶೇಕಡ 25 ಸ್ಥಾನ ಮೀಸಲಿಟ್ಟು 1987ರಲ್ಲಿ ಚುನಾವಣೆ ನಡೆಸಿತು. ಸಂವಿಧಾನ ತಿದ್ದುಪಡಿಯ ನಂತರ 1993ರಲ್ಲಿ ಅದು ಮೂರನೇ ಒಂದು ಪಾಲಾಯಿತು, 2010ರಿಂದ ಅರ್ಧ. ಮೊದಮೊದಲು ಎಷ್ಟೋ ಕಡೆ ಸಭೆಗೆ ಗಂಡ ಬಂದು ಕೂತ, ಹೆಂಡತಿ ಮನೆಯಲ್ಲೇ ಸಹಿ ಹಾಕಿದಳು. ಈಗಲೂ ಅದು ಪೂರ್ತಿ ನಿಂತಿಲ್ಲ. ಆದರೂ ಎರಡನೆಯ ಸಲ ಆಯ್ಕೆಯಾದ ಹೆಂಗಸು ಸಾಮಾನ್ಯವಾಗಿ ತಾನೇ ಸಭೆಗೆ ಬರುತ್ತಾಳೆ, ನೀರಿನ ಕೊಳಾಯಿ ಎಲ್ಲಿಗೆ ಹೋಗಬೇಕೆಂದು ತಾನೇ ಮಾತಾಡುತ್ತಾಳೆ. ಮೀಸಲಾತಿಯ ಫಲ ನಿಧಾನ, ಆದರೆ ಸುಳ್ಳಲ್ಲ.

ಕಾಗದದ ಮೇಲೆ ಹೆಸರು ಬರುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕಾಡಂಚಿನ ಹಾಡಿಗಳಿಂದಲೇ ಉತ್ತರ ಕೊಡಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟು ಕುಟುಂಬಕ್ಕೆ ಸಿಗುವ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಊರಿನ ಅರಣ್ಯ ಹಕ್ಕು ಸಮಿತಿಯಲ್ಲಿ ಮೂರನೇ ಒಂದು ಪಾಲಾದರೂ ಹೆಂಗಸರಿರಬೇಕು. ಗಂಡ ಸತ್ತರೂ ಬಿಟ್ಟುಹೋದರೂ ಹೆಂಡತಿಯನ್ನು ಆ ನೆಲದಿಂದ ಎಬ್ಬಿಸಲಾಗದು ಎಂಬುದು ಜಂಟಿ ಹಕ್ಕುಪತ್ರದ ಅರ್ಥ. ಬಯಲು ಸೀಮೆಯ ರೈತ ಕುಟುಂಬಗಳಲ್ಲಿ ಎಷ್ಟೋ ಹೆಂಗಸರಿಗೆ ಇಲ್ಲದ ರಕ್ಷಣೆ ಕಾನೂನಿನ ಮಟ್ಟಿಗಾದರೂ ಸೋಲಿಗ, ಜೇನುಕುರುಬ ಹೆಂಗಸಿಗೆ ಇದೆ. 2013ರ ಆಹಾರ ಭದ್ರತಾ ಕಾಯ್ದೆ ರೇಷನ್ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸನ್ನೇ ಯಜಮಾನಿ ಎಂದು ಬರೆಯಲು ಹೇಳಿತು. ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಹೆಣ್ಣಾಳು ಗಂಡಾಳು ಎಂಬ ಭೇದವಿಲ್ಲದೆ ಒಂದೇ ಕೂಲಿ ಬಂತು. ಹೊಲದ ಕೂಲಿಯಲ್ಲಿ ಅರ್ಧಕ್ಕೋ ಮುಕ್ಕಾಲಿಗೋ ದುಡಿದು ರೂಢಿಯಾದವರಿಗೆ, ತಮ್ಮ ಖಾತೆಗೆ ಗಂಡಸಿನಷ್ಟೇ ಹಣ ಜಮೆಯಾದದ್ದು ಹೊಸ ಅನುಭವ.

2023ರ ಜೂನ್ 11ರಿಂದ ಕರ್ನಾಟಕದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಹಣವಿಲ್ಲದೆ ಓಡಾಡುತ್ತಿದ್ದಾರೆ. ಅದೇ ವರ್ಷದ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಇವುಗಳ ಬಗ್ಗೆ ಖಜಾನೆಯ ದೃಷ್ಟಿಯಿಂದ ವಾದ ಮಾಡುವವರಿದ್ದಾರೆ, ಆ ವಾದಕ್ಕೆ ಅದರ ಜಾಗವಿದೆ. ಇಲ್ಲಿ ನೋಡಬೇಕಾದದ್ದು ಬೇರೆ. ಗುಂಡ್ಲುಪೇಟೆ ಬಸ್ ನಿಲ್ದಾಣಕ್ಕೆ ಬರಲು, ತವರಿಗೆ ಹೋಗಲು, ಮಾದಪ್ಪನ ಬೆಟ್ಟಕ್ಕೆ ಗೆಳತಿಯರ ಜೊತೆ ಹೊರಡಲು ಗಂಡನ ಮುಂದೆ ಕೈ ಒಡ್ಡಬೇಕಾಗಿದ್ದವಳು ಈಗ ‘ಹೋಗಿ ಬತ್ತೀನಿ’ ಎಂದು ಹೇಳಿ ಹೋಗಬಲ್ಲಳು. ಕೇಳುವುದಕ್ಕೂ ಹೇಳುವುದಕ್ಕೂ ಇರುವ ಅಂತರ ದೊಡ್ಡದು. ತನ್ನ ಸ್ವಂತ ಔಷಧಿಗೆ, ಒಂದು ಸೀರೆಗೆ, ಮಗಳ ಫೀಸಿಗೆ ಯಾರಿಗೂ ಲೆಕ್ಕ ಒಪ್ಪಿಸದೆ ಖರ್ಚು ಮಾಡಿದ ಹೆಂಗಸಿಗೆ ಹಣದ ಜೊತೆಗೆ ತೀರ್ಮಾನ ಮಾಡುವ ಅಭ್ಯಾಸವೂ ಬರುತ್ತದೆ.

ಸಂಘಗಳ ಕತೆಗೆ ಎರಡು ಮುಖ. ರಾಜ್ಯ ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ಗುಂಪುಗಳನ್ನು ಶುರುಮಾಡಿತು. ಅಂಗನವಾಡಿ ಕಾರ್ಯಕರ್ತೆಯ ಒತ್ತಾಸೆಯಿಂದ ಹದಿನೈದು ಇಪ್ಪತ್ತು ಹೆಂಗಸರು ವಾರಕ್ಕೊಮ್ಮೆ ಸೇರಿ ಉಳಿತಾಯ ಮಾಡುವುದು, ತಮ್ಮೊಳಗೇ ಸಾಲ ಕೊಡುವುದು ರೂಢಿಯಾಯಿತು. ಮುಂದೆ ಸಂಜೀವಿನಿ ಒಕ್ಕೂಟಗಳು ಬಂದವು. ಹೆಬ್ಬೆಟ್ಟಿನ ಬದಲು ಸಹಿ ಹಾಕಲು ಎಷ್ಟೋ ಮಂದಿ ಕಲಿತದ್ದು ಸಂಘದ ಪುಸ್ತಕದಲ್ಲೇ. ಗುಂಪಿನಲ್ಲಿ ಎದ್ದು ನಿಂತು ಹೆಸರು ಹೇಳಿ ಮಾತಾಡಲು ಕಲಿತದ್ದೂ ಅಲ್ಲೇ. ಆದರೆ ಖಾಸಗಿ ಕಿರುಸಾಲದ ಕಂಪನಿಗಳು ಬಂದ ಮೇಲೆ ಹೆಂಗಸಿನ ಹೆಸರು ಅವಳಿಗೇ ಉರುಳಾದದ್ದೂ ಇದೆ. ಸಾಲ ಅವಳ ಹೆಸರಿನಲ್ಲಿ, ಹಣ ಖರ್ಚಾದದ್ದು ಬೇರೆಯವರ ಕೈಯಲ್ಲಿ, ವಸೂಲಿಗೆ ಬಂದವರು ನಿಲ್ಲುವುದು ಅವಳ ಬಾಗಿಲಲ್ಲಿ. 2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ವಸೂಲಿಯ ಕಾಟಕ್ಕೆ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿ ರಾಜ್ಯವನ್ನು ಅಲುಗಿಸಿತು. ಮರುತಿಂಗಳೇ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ತಂದಿತು. ಹೆಸರಿನ ಜೊತೆ ತೀರ್ಮಾನದ ಅಧಿಕಾರವೂ ಬರದಿದ್ದರೆ ಆ ಹೆಸರು ಬರೀ ಹೊರೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅದಕ್ಕೇ ನೆಲದ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ದೇಶದ ಕೃಷಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು 2015-16ರ ಕೃಷಿಗಣತಿಯಂತೆ ಶೇಕಡ 14ರಷ್ಟು ಮಾತ್ರ. ಕಾನೂನು ಹಿಂದೆ ಬಿದ್ದಿಲ್ಲ. ಹಿಂದೂ ಕೂಡುಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಂತೆ ಪಾಲು ಎಂಬ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಜಾರಿಯಲ್ಲಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬರುವಂಥದು, ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕೆಂಬ ಷರತ್ತೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಹಳ್ಳಿಯಲ್ಲಿ ನಡೆಯುವುದು ಬೇರೆ. ಅಪ್ಪ ಸತ್ತ ಮೇಲೆ ಪೌತಿ ಖಾತೆ ಮಾಡಿಸುವಾಗ ಅಣ್ಣತಮ್ಮಂದಿರು ಹಕ್ಕು ಬಿಡುಗಡೆ ಪತ್ರ ತಂದು ಮುಂದಿಡುತ್ತಾರೆ. ಸಹಿ ಹಾಕದಿದ್ದರೆ ಗೌರಿ ಹಬ್ಬದ ಅರಿಶಿನ ಕುಂಕುಮ, ಬಾಗಿನ ನಿಂತುಹೋದೀತು ಎಂಬ ಭಯ. ತವರಿನ ಬಾಗಿಲು ತೆರೆದಿರಲೆಂದು ಹೆಂಗಸು ತನ್ನ ಪಾಲು ಬಿಟ್ಟುಕೊಡುತ್ತಾಳೆ. ಅತ್ತ ಗಂಡನ ಮನೆಯ ಪಹಣಿಯಲ್ಲಿ ಗಂಡನದೋ ಮಾವನದೋ ಹೆಸರು. ಎರಡೂ ಮನೆಗೆ ದುಡಿದವಳಿಗೆ ಒಂದು ಗುಂಟೆಯೂ ಇರುವುದಿಲ್ಲ. ಪ್ರೀತಿಯ ಹೆಸರಿನಲ್ಲಿ ಬರೆಸಿಕೊಳ್ಳುವ ಈ ಬಿಡುಗಡೆ ಪತ್ರಗಳು ಅನ್ಯಾಯ.

ಹೆಂಗಸು ತನ್ನನ್ನು ತಾನು ಮತ್ತೆ ಕಂಡುಕೊಳ್ಳುವ ದೃಷ್ಟಿಯಿಂದ ನಡುವಯಸ್ಸು ಕಷ್ಟದ ಕಾಲವೂ ಹೌದು, ಅವಕಾಶದ ಕಾಲವೂ ಹೌದು. ಮಕ್ಕಳು ಹಾಸ್ಟೆಲಿಗೋ ಮೈಸೂರು, ಬೆಂಗಳೂರಿನ ಕೆಲಸಕ್ಕೋ ಹೊರಟುಹೋದ ಮೇಲೆ ಮನೆ ಖಾಲಿಯೆನಿಸುತ್ತದೆ, ಇಷ್ಟು ದಿನ ಯಾರಿಗಾಗಿ ಓಡಾಡಿದೆನೋ ಅವರೇ ಇಲ್ಲ ಎನಿಸುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ದೇಹದ ತೊಂದರೆಗಳು ಇದಕ್ಕೆ ಸೇರುತ್ತವೆ. ಈ ಕಾಲದಲ್ಲಿ ಬಿಟ್ಟ ಓದನ್ನು ಮತ್ತೆ ಹಿಡಿದವರಿದ್ದಾರೆ. ಎಸ್ಸೆಸ್ಸೆಲ್ಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಮನೆಯಲ್ಲಿದ್ದೇ ಪದವಿ ಓದುವ ಅವಕಾಶ ಕೊಟ್ಟಿದೆ. ಓದೇ ಆಗಬೇಕೆಂದಿಲ್ಲ. ಹುಡುಗಿಯಾಗಿದ್ದಾಗ ಹಾಡುತ್ತಿದ್ದ ಸೋಬಾನೆ, ಕಟ್ಟುತ್ತಿದ್ದ ಹೂ, ಹೊಲಿಗೆ, ನಾಟಿ ಔಷಧಿಯ ತಿಳಿವು, ಬೀಜ ಕಾಪಿಡುವ ಜಾಣ್ಮೆ ಯಾವುದಾದರೂ ಆದೀತು. ಅದು ಅವಳು ಆರಿಸಿಕೊಂಡದ್ದಾಗಿರಬೇಕು, ಅದಕ್ಕೆ ದಿನದಲ್ಲಿ ಅವಳದೇ ಆದ ಹೊತ್ತಿರಬೇಕು. ಆ ಹೊತ್ತು ಆಕಾಶದಿಂದ ಬೀಳುವುದಿಲ್ಲ. ಮನೆಗೆಲಸದ ಆ 289 ನಿಮಿಷದಲ್ಲಿ ಒಂದಿಷ್ಟನ್ನು ಮನೆಯ ಗಂಡಸರು, ದೊಡ್ಡ ಮಕ್ಕಳು ಹಂಚಿಕೊಂಡಾಗ ಮಾತ್ರ ಸಿಗುತ್ತದೆ. ತ್ಯಾಗಮಯಿ ಎಂದು ಹೊಗಳುವ ಗಂಡ ಮಕ್ಕಳಿಗಿಂತ ರಾತ್ರಿ ಪಾತ್ರೆ ತೊಳೆಯುವ ಗಂಡ ಮಕ್ಕಳು ಅವಳಿಗೆ ಹೆಚ್ಚು ಉಪಕಾರಿಗಳು.

ಆಸ್ತಿಯ ವಿಷಯದಲ್ಲಿ ಮನೆಯವರು ಮಾಡಬಹುದಾದ ಕೆಲಸಕ್ಕೆ ಸರ್ಕಾರವನ್ನು ಕಾಯಬೇಕಿಲ್ಲ. ಕರ್ನಾಟಕದಲ್ಲಿ ಹತ್ತಿರದ ರಕ್ತಸಂಬಂಧಿಗಳಿಗೆ, ಗಂಡ ಹೆಂಡತಿಯರ ನಡುವೆ ಮಾಡುವ ದಾನಪತ್ರಕ್ಕೆ ಕ್ರಯಪತ್ರಕ್ಕಿಂತ ಮುದ್ರಾಂಕ ಶುಲ್ಕ ಬಹಳ ಕಡಿಮೆ. ಹೊಸದಾಗಿ ಕೊಳ್ಳುವ ನಿವೇಶನವನ್ನು, ಕಟ್ಟುವ ಮನೆಯನ್ನು ಮೊದಲೇ ಇಬ್ಬರ ಹೆಸರಿಗೆ ಮಾಡಿಸಬಹುದು. ಓದುಗರು ತಮ್ಮ ಮನೆಯ ಪಹಣಿ, ಮನೆಪತ್ರ, ಬ್ಯಾಂಕ್ ಪಾಸ್‌ಬುಕ್ಕುಗಳನ್ನು ಒಮ್ಮೆ ತೆಗೆದು ಅವುಗಳಲ್ಲಿ ಅವ್ವನ ಹೆಸರು, ಹೆಂಡತಿಯ ಹೆಸರು ಎಲ್ಲಿದೆ ಎಂದು ನೋಡಲಿ. ಇಲ್ಲದಿದ್ದರೆ ಅವಳು ಬದುಕಿರುವಾಗಲೇ, ಅವಳನ್ನು ಕೇಳಿ, ಅದನ್ನು ಬರೆಸಲಿ.